ಕೆರೆಯಂಚಿನ ಶಿಶುವಿಹಾರದ ಗೋಡೆ

ಆ ಗೋಡೆ ಬಿದ್ದದ್ದು ನನ್ನಿಂದ, ಸಿದ್ದಪ್ಪನವರೇ. ನಿಮ್ಮಿಂದ ಅಲ್ಲ. ಇಷ್ಟು ಹೇಳಲು ಹತ್ತು ವರ್ಷ ಬೇಕಾಯಿತು. ಅಂದು ನಿಮ್ಮನ್ನು ‘ಲೇ ಮೇಸ್ತ್ರಿ’ ಎಂದೇ ಕೂಗುತ್ತಿದ್ದೆ. ವಯಸ್ಸಿನಲ್ಲಿ ನೀವು ನನ್ನ ತಂದೆಯ ಓರಗೆಯವರು. ಆ ತಪ್ಪನ್ನೂ ಇದಕ್ಕೇ ಸೇರಿಸಿಕೊಳ್ಳಿ.

ಎಪ್ಪತ್ತರ ದಶಕದ ಶುರು. ಕಟ್ಟಡದ ವಿದ್ಯೆ ಓದಿಕೊಂಡು ಆಗಷ್ಟೇ ಬಂದಿದ್ದೆ. ಶೆಟ್ಟಿಕೆರೆ ಪಕ್ಕದ ನಿಮ್ಮೂರಿನವರು ಕೆರೆಯಂಚಿಗೆ ಒಂದು ಶಿಶುವಿಹಾರ ಕಟ್ಟಲು ನಕ್ಷೆ ಕೇಳಿದರು. ಕೆರೆ ತುಂಬಿದಾಗ ಜಗಲಿಯ ಮೆಟ್ಟಿಲಿಗೆ ನೀರು ತಾಕಬೇಕು, ಆಚೆ ದಡದ ತೆಂಗಿನ ಸಾಲು ನೀರಿನಲ್ಲಿ ಕಾಣಬೇಕು, ಮಕ್ಕಳು ನೋಡುತ್ತ ಕೂರಬೇಕು — ಹಾಗೆ ಬರೆದೆ. ಅದಕ್ಕಾಗಿ ನೆಲಗಟ್ಟನ್ನು ಕೋಡಿಯ ಕಲ್ಲಿಗಿಂತ ಒಂದೇ ಅಡಿ ಮೇಲಿಟ್ಟೆ. ಹೆಚ್ಚಾದ ನೀರು ಕೋಡಿ ಮೇಲೆ ಹರಿದುಹೋಗುತ್ತದಲ್ಲ, ಮತ್ತೇನು ಭಯ ಅಂದುಕೊಂಡೆ.

ಗುದ್ದಲಿ ಪೂಜೆಯ ದಿನ ನಿಮಗೇ ಪಾಠ ಹೇಳಿದೆ. ಒಳ್ಳೆಯ ಕಟ್ಟಡ ಗಟ್ಟಿಯಾಗಿ ನಿಲ್ಲಬೇಕು, ಇರುವವರಿಗೆ ಒದಗಬೇಕು, ಕಣ್ಣಿಗೆ ಹಿತವಾಗಿರಬೇಕು ಎಂದೆ. ನೀವು ಎಲೆಅಡಿಕೆ ಉಗಿದು ಬಂದು ಮೆಲ್ಲಗೆ ಅಂದಿರಿ:

‘ಅದೆಲ್ಲ ನಂಗೆ ತಿಳೀದು ಸ್ವಾಮಿ. ಮಳೆ ಹುಯ್ಯೋವಾಗ ಒಳಗಿರೋರು ಹೆದರ್ಕಂಡು ಗೋಡೆ ನೋಡ್ಬಾರ್ದು, ಅಷ್ಟೇಯ. ನೀವು ಕೋಡಿ ಕಲ್ಲು ನಂಬ್ಕಬ್ಯಾಡಿ. ಕೆರೆ ತುಂಬ್ತಿದ್ದಂಗೆ ತೋಟದೋರು ಅದ್ರ ಮ್ಯಾಲೆ ಮಣ್ಣಿನ ಹೆಂಟೆ ಕಟ್ತಾರೆ, ಬ್ಯಾಸಿಗೇಗೆ ನೀರು ಬೇಕಲ್ಲ. ಇನ್ನೂ ಒಂದಡಿ ನಿಲ್ತದೆ ಕಣ್ರೀ. ನೆಲಗಟ್ಟು ಎರಡಡಿ ಎತ್ತರಿಸಿ.’

ಆ ಸಂಜೆ ಒಬ್ಬನೇ ಕೋಡಿಗೆ ಹೋದೆ. ಇದನ್ನು ಯಾರಿಗೂ ಹೇಳಿಲ್ಲ. ಕಲ್ಲಿಗೆ ಹಿಂದಿನ ಸಲದ ಹೆಂಟೆಯ ಜೇಡಿಮಣ್ಣು, ತೆಂಗಿನ ಗರಿ ಇನ್ನೂ ಮೆತ್ತಿಕೊಂಡಿತ್ತು. ನೀವಂದದ್ದು ನಿಜ. ಕಣ್ಣಾರೆ ನೋಡಿಯೂ — ಎರಡಡಿ ಎತ್ತರಿಸಿದರೆ ಜಗಲಿ ನೀರಿನಿಂದ ದೂರವಾಗುತ್ತದೆ, ಅಂದ ಕೆಡುತ್ತದೆ... ಮರುದಿನ ನಿಮಗೆ ‘ಹೇಳಿದಷ್ಟು ಮಾಡು’ ಎಂದೆ.

ಮೂರನೆಯ ವರ್ಷ ಕೆರೆ ತುಂಬಿತು. ಕೋಡಿಗೆ ಹೆಂಟೆ ಕಟ್ಟಿದರು. ತಿಂಗಳುಗಟ್ಟಲೆ ಗೋಡೆಯ ಬುಡದಲ್ಲಿ ನೀರು ನಿಂತು ಪಾಯ ನೆನೆಯಿತು. ಒಂದು ಬೆಳಿಗ್ಗೆ ಮೂಲೆಯಲ್ಲಿ ಪುಡಿ ಉದುರುವುದನ್ನು ಕಂಡು ಟೀಚರಮ್ಮ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದರು. ಆಮೇಲೆ ಗೋಡೆ ಬಿತ್ತು. ಮಕ್ಕಳು ಬದುಕಿದರು. ಆದರೆ ಆಕೆ, ಇನ್ನೊಂದು ಪದ್ಯ ಹೇಳಿಸಿ ಏಳೋಣ ಅಂದುಕೊಂಡಿದ್ದರೆ — ಅದರಾಚೆ ಯೋಚಿಸಲು ನನಗೆ ಇವತ್ತಿಗೂ ಧೈರ್ಯವಿಲ್ಲ. ಮಳೆ ಜೋರಾದರೆ ಈಗಲೂ ಎದ್ದು ಕೂರುತ್ತೇನೆ.

ಊರವರೆಲ್ಲ ಸೇರಿ, ಯಾಕೆ ಬಿತ್ತು ಎಂದು ನನ್ನನ್ನು ಕೇಳಿದರು. ನೀವು ಎದುರಿಗೇ ನಿಂತಿದ್ದಿರಿ. ಎಲ್ಲಿ ಬಾಯಿಬಿಡುತ್ತೀರೋ ಎಂದು ನನಗೆ ಭಯ. ನಾನೇ ಮೊದಲು ಬಾಯಿಬಿಟ್ಟೆ.

‘ಗಾರೆ ಸರಿಯಾಗಿ ಅರೆದಿಲ್ಲ.’

ನೀವು ಬಿದ್ದ ಗಾರೆಯ ಒಂದು ಹೆಕ್ಕಳೆ ಎತ್ತಿಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡಿದಿರಿ. ಹೆಂಟೆ ಕಟ್ಟಿದ್ದವರೂ ತುಟಿ ಬಿಚ್ಚಲಿಲ್ಲ — ಅವರ ಭಯ ಅವರಿಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ; ನಿಮ್ಮ ಮಾನ ನನ್ನ ಒಂದು ಮಾತಿಗೆ ಹೋಯಿತು. ಆಮೇಲೆ ಯಾರೂ ನಿಮ್ಮನ್ನು ಗೋಡೆ ಕೆಲಸಕ್ಕೆ ಕರೆಯಲಿಲ್ಲ. ತಿಪಟೂರಿನಲ್ಲಿ ಕಾಯಿ ಸುಲಿಯುತ್ತೀರಿ ಎಂದು ಕೇಳಿದೆ. ಕೇಳಿಯೂ ಸುಮ್ಮನಿದ್ದೆ.

ಹೋದ ತಿಂಗಳು ತುರುವೇಕೆರೆ ಬಸ್ ಸ್ಟ್ಯಾಂಡಿನಲ್ಲಿ ನೀವೇ ಗುರುತು ಹಿಡಿದಿರಿ. ಈಗ ಬೈಯುತ್ತಾರೆ ಎಂದು ಹೆದರಿದೆ. ನೀವು ಕೈ ಮುಗಿದು ಕೇಳಿದಿರಿ: ‘ಸ್ವಾಮಿ, ಓದ್ದೋರು ನೀವು. ನಾನು ನೀರಿಂದ ಬಿತ್ತು ಅಂದ್ಕಂಡಿದ್ದೆ, ನೀವು ಗಾರೆ ಅಂದ್ರಿ. ಆವತ್ತು ನನ್ ಗಾರೇಲಿ ಏನು ಕಮ್ಮಿ ಆಗಿತ್ತು? ಎಷ್ಟು ಯೋಚ್ನೆ ಮಾಡಿದ್ರೂ ಗೊತ್ತಾಗ್ತಿಲ್ಲ.’

ನಾನು ಬಸ್ಸು ಬಂತು ಎಂದು ಹತ್ತಿಬಿಟ್ಟೆ.

ಸುಳ್ಳು ಹೇಳಿದೆ ಎಂದು ಗೊತ್ತಿತ್ತು. ಅದನ್ನು ನೀವೂ ನಂಬಿಬಿಟ್ಟಿದ್ದೀರಿ ಎಂದು ಗೊತ್ತಿರಲಿಲ್ಲ... ಬರುವ ಸೋಮವಾರ ನಿಮ್ಮೂರಿಗೆ ಬರುತ್ತೇನೆ. ಇದೆಲ್ಲವನ್ನೂ ಊರವರ ಮುಂದೆ ಹೇಳುತ್ತೇನೆ. ಅವರು ಏನು ಮಾಡುತ್ತಾರೋ ಎಂಬ ಭಯ ಇದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದು — ನಾನು ತಲೆ ತಗ್ಗಿಸಿದ್ದು ನೋಡಲಾರದೆ ನೀವೇ ಮುಂದೆ ಬಂದು, ‘ಇಲ್ಲ ಬುಡಿ, ತಪ್ಪು ನಂದೇಯ’ ಅಂದುಬಿಟ್ಟರೆ?

ದಯವಿಟ್ಟು ಹಾಗೆ ಅನ್ನಬೇಡಿ. ನಿಮ್ಮ ಗಾರೆಯಲ್ಲಿ ಏನೂ ಕಮ್ಮಿ ಇರಲಿಲ್ಲ.