ಒಂದೇ ಚಿಪ್ಪಿನ ನೀರು

ಮ್ವಾರಿಂಗ ನಮ್ಮ ಕಾಯಾದ ಬಾಗಿಲು ಕಾಯುವವನು. ಕಾಯಾ ಎಂದರೆ ನಮ್ಮ ಹಿರಿಯರು ಮಲಗಿರುವ ಕಾಡು. ದೊಡ್ಡದೇನಲ್ಲ, ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಗೆ ಕೇಳಿಸುತ್ತದೆ. ಆದರೂ ಅದರ ಕಾಲುದಾರಿ ತುಳಿಯಬೇಕಾದರೆ ಚಪ್ಪಲಿ ಬಿಡಬೇಕು, ಸೊಂಟಕ್ಕೆ ಕರಿ ಬಟ್ಟೆ ಸುತ್ತಬೇಕು, ಒಣ ಕಡ್ಡಿಯನ್ನೂ ಆಚೆ ತರಬಾರದು. ಅದಕ್ಕೂ ಮೊದಲು ಮ್ವಾರಿಂಗ ಕೇಳುತ್ತಾನೆ: "ಯಾರ ಮೇಲಾದ್ರೂ ಸಿಟ್ಟಿಟ್ಕೊಂಡು ಬಂದಿದ್ದೀರಾ?"

ಸಿಟ್ಟಿದ್ದವರಿಗೂ ಆ ಸಿಟ್ಟಿಗೆ ಕಾರಣನಾದವನಿಗೂ ಅದನ್ನು ತೊಳೆಯುವವರೆಗೆ ಒಳಗೆ ದಾರಿಯಿಲ್ಲ. ನೊಂದವನು ತನಗಾದದ್ದನ್ನು ಬಾಯಿಬಿಟ್ಟು ಹೇಳಬೇಕು, ಮಾಡಿದವನು ಹೌದು ಎನ್ನಬೇಕು, ಆಮೇಲೆ ಇಬ್ಬರೂ ಒಂದೇ ತೆಂಗಿನ ಚಿಪ್ಪಿನ ನೀರು ಮುಕ್ಕಳಿಸಿ ಉಗುಳಬೇಕು. ಬಾಗಿಲ ಬಳಿ ಬಾಳೆಹಣ್ಣು ಮಾರುವ ನನ್ನ ಜಗಳವನ್ನೂ ಅವನು ಹಾಗೇ ತೊಳೆದಿದ್ದ. "ತಂಗಿ, ನಿನ್ ಗಂಡಂಗೆ ಚಿಪ್ಪು ಸಾಲಲ್ಲ, ಹಂಡೆ ತರಿಸ್ಬೇಕು" ಎಂದು ನಗಿಸಿದ್ದ.

ಊರಿಗೆಲ್ಲ ಬುದ್ಧಿ ಹೇಳುವವನು ತನ್ನ ಮನೆಯ ಹೊಸ್ತಿಲಲ್ಲೇ ಎಡವಿದ. ತಮ್ಮ ಕರೀಸ ಹುಟ್ಟಿದಾಗ ಅಪ್ಪ ನೆಟ್ಟಿದ್ದ ತೆಂಗಿನ ಮರ ಮ್ವಾರಿಂಗನ ಸೂರಿನತ್ತ ಬಾಗಿತ್ತು. ತಮ್ಮ ಮೀನಿಗೆ ಹೋಗಿದ್ದಾಗ, ಒಂದು ಮಾತೂ ಕೇಳದೆ ಕಡಿಸಿಬಿಟ್ಟ. ಹುಟ್ಟಿನ ಮರ ಕಡಿಯುವುದೆಂದರೆ ಬದುಕಿರುವವನಿಗೆ ಗುಂಡಿ ತೋಡಿದ ಹಾಗೆ.

ಕರೀಸ ಬೈಯಲಿಲ್ಲ. ಕಾಯಾದ ಬಾಗಿಲಿಗೆ ಬಂದು, ಒಳಗೆ ಅಪ್ಪನ ನೆನಪಿಗೆ ನೆಟ್ಟ ಕಂಬದವರೆಗೆ ನಡೆದು ಬರುತ್ತೇನೆ ಎಂದ. ಮ್ವಾರಿಂಗ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಬೇಕಾಯಿತು.

"ಇದೆ ಅಣ್ಣ, ನಿನ್ ಮೇಲೇನೆ. ನನ್ ಮರ ನೀನು ಕಡಿಸ್ದೆ. ಹೌದು ಅನ್ನು, ನೀರು ಮುಕ್ಕಳಿಸೋಣ."

ಸುತ್ತ ಕಾಡು ನೋಡಲು ಬಂದ ಪ್ರವಾಸಿಗರು ನಿಂತಿದ್ದರು. ಹೌದು ಎನ್ನಲು ಮ್ವಾರಿಂಗನಿಗೆ ಮಾನ ಅಡ್ಡ ಬಂತು. ಜನ ಕಾಯುತ್ತಿದ್ದಾರೆ, ನಾಳೆ ಬಾ ಎಂದ. ಕರೀಸ ಅಂದೇ ದೋಣಿ ಹತ್ತಿ ದೂರದ ಲಾಮು ದ್ವೀಪಕ್ಕೆ ಹೊರಟುಹೋದ.

ಅಂದಿನಿಂದ ಮ್ವಾರಿಂಗನೂ ಕಾಡಿನೊಳಗೆ ಕಾಲಿಟ್ಟಿಲ್ಲ. ತಾನು ಕಾಯುವ ಕಟ್ಟಳೆಯನ್ನು ತಾನೇ ಮುರಿಯಲು ಬರುತ್ತದೆಯೇ? ಬಂದವರನ್ನು ಒಳಗೆ ಬಿಟ್ಟು ಹುಣಸೆ ಮರದಡಿ ಕೂರುತ್ತಿದ್ದ. ಹೋಗಿ ತಮ್ಮನನ್ನು ಕರೆದುಕೊಂಡು ಬಾ ಎಂದರೆ, ಮಳೆ ಮುಗಿಯಲಿ, ಗಾಳಿ ತಿರುಗಲಿ ಎನ್ನುತ್ತಿದ್ದ. ಹೀಗೇ ಇಬ್ಬರ ತಲೆಯೂ ಬೆಳ್ಳಗಾಯಿತು. ನನಗಂತೂ ಅವನ ಮೇಲೆ ಮರುಕಕ್ಕಿಂತ ಕೋಪವೇ ಹೆಚ್ಚು.

ಮೊನ್ನೆ ಕರೀಸನನ್ನು ಮಗಳು ಸೀದಿ ಕೈಹಿಡಿದು ಕರೆತಂದಳು. ಮ್ವಾರಿಂಗ ಚಿಪ್ಪಿನ ತುಂಬ ನೀರು ಹಿಡಿದು ಎದುರು ಓಡಿದ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು.

"ಯಾರ ಮೇಲಾದ್ರೂ ಸಿಟ್ಟಿದೆಯೇನೋ?"

ಕರೀಸ ನಕ್ಕ. "ಸಿಟ್ಟಾ? ಯಾರ್ ಮೇಲೆ?"

"ನಿನ್ ಮರ ಕಣೋ. ತೆಂಗಿನ ಮರ."

"ಅದು ಮನೇಲಿದೆಯಲ್ಲ. ಅಪ್ಪ ನೆಟ್ಟಿದ್ದು. ಈ ಸಲ ಚೆನ್ನಾಗಿ ಕಾಯಿ ಬಿಟ್ಟಿದೆ."

ಅಪ್ಪನಿಗೆ ಏನೂ ನೆನಪಿಲ್ಲ ದೊಡ್ಡಪ್ಪ ಎಂದು ಸೀದಿ ಮೆಲ್ಲಗೆ ಹೇಳಿದಳು. ಹೌದು, ನಾನೇ ಕಡಿಸಿದ್ದು, ಹೌದು ಎಂದು ಮ್ವಾರಿಂಗ ಹೇಳುತ್ತಲೇ ಇದ್ದ. ಕರೀಸ ಚಿಪ್ಪಿನ ನೀರನ್ನು ಮುಕ್ಕಳಿಸದೆ ಗಟಗಟ ಕುಡಿದು, ಸಿಹಿಯಾಗಿದೆ ಎಂದ.

ಸಿಟ್ಟಿಲ್ಲದವನಿಗೆ ದಾರಿ ಬಿಡಲೇಬೇಕು. ಅಪ್ಪ ಮಗಳು ಕಾಲುದಾರಿ ಹಿಡಿದರು. ಮ್ವಾರಿಂಗ ಖಾಲಿ ಚಿಪ್ಪು ಹಿಡಿದು ಬಾಗಿಲಲ್ಲೇ ನಿಂತ. ತಿರುವಿನಾಚೆಯಿಂದ ಕರೀಸನ ಮಾತು ನಮಗೆ ಸ್ಪಷ್ಟವಾಗಿ ಕೇಳಿಸಿತು:

"ಒಳ್ಳೆ ಮುದುಕ ಪಾಪ. ಅವನ್ಯಾಕೆ ಒಳಗೆ ಬರಲ್ವಂತೆ?"