ಎರಡು ದಿನ ಮುಂದೋಡಿದ ಕಂಪ್ಯೂಟರು

ಎದುರಿಗಿದ್ದವರನ್ನು ಪ್ರಶ್ನೆ ಕೇಳುವ ಚಟ ಪುಟ್ಟಗೌರಮ್ಮನಿಗೆ ಚಿಕ್ಕಂದಿನಿಂದಲೂ ಇತ್ತು. ಬೂಕನಕೆರೆಯಲ್ಲಿ ಹೆಣ್ಣು ನೋಡಲು ಬಂದವರನ್ನೇ “ನಿಮ್ಮ ಹುಡುಗ ಎಸ್ಸೆಸ್ಸೆಲ್ಸಿ ಎಷ್ಟನೇ ಸಲಕ್ಕೆ ಪಾಸಾದ?” ಎಂದು ಕೇಳಿ ಎರಡು ಸಂಬಂಧ ಕಳೆದುಕೊಂಡಿದ್ದಳು. ಮೂರನೆಯವನು “ನಾಲ್ಕನೇ ಸಲಕ್ಕೆ” ಎಂದು ನಿಜ ಹೇಳಿದ. ಅವನನ್ನೇ ಮದುವೆಯಾಗಿ ಪಾಂಡವಪುರಕ್ಕೆ ಬಂದಳು. ಟೈಪಿಂಗ್ ಸೀನಿಯರ್ ಪಾಸು ಮಾಡಿ, ಅಲ್ಲಿನ ಕಬ್ಬು ಬೆಳೆಗಾರರ ಸಂಘವೊಂದರಲ್ಲಿ ಹದಿನೆಂಟು ವರ್ಷ ಕೀಲಿ ಕುಟ್ಟಿದಳು.

೧೯೯೩ರ ಡಿಸೆಂಬರಿನಲ್ಲಿ ಸಂಘಕ್ಕೆ ಕಂಪ್ಯೂಟರು ಬಂತು. ಶ್ರೀರಂಗಪಟ್ಟಣದ ಟೈಪ್‌ರೈಟರ್ ರಿಪೇರಿಯವನು ಶಹಾಬುದ್ದೀನ್ ಈ ವಿದ್ಯೆಯನ್ನೂ ಕಲಿತುಕೊಂಡಿದ್ದ. ಅವನೇ ಟೆಂಪೋದಲ್ಲಿ ತಂದು ಜೋಡಿಸಿದ. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೀಟು, ಅಷ್ಟೇ.

“ಇದೇನ್ ಸಾಬ್ರೆ, ಬರೀ ಕತ್ಲೆ?”

“ಅಕ್ಕಾ, ಇದು ತಾನಾಗಿ ಏನೂ ಹೇಳಲ್ಲ. ಕೇಳಿದ್ರೆ ಹೇಳ್ತದೆ. ಡಿ-ಐ-ಆರ್ ಅಂತ ಹೊಡೀರಿ, ಒಳಗೆ ಯಾವ್ಯಾವ ಫೈಲೈತೆ, ಯಾವತ್ತು ಬರೆದದ್ದು, ಎಲ್ಲಾ ಒಪ್ಪಿಸ್ತದೆ. ಡೇಟ್ ಅಂದ್ರೆ ತಾರೀಖು. ಮೆಮ್ ಅಂದ್ರೆ ತಲೇಲಿ ಎಷ್ಟು ಜಾಗ ಖಾಲಿ ಐತೆ ಅಂತ.”

“ತಲೆ ಎಷ್ಟು ಖಾಲಿ ಅಂತ ಅದೇ ಹೇಳ್ಕತದಾ? ನಮ್ ಅಧ್ಯಕ್ಷರಿಗೂ ಇಂತಾದೊಂದು ಜೋಡ್ಸಿ.”

ಅಧ್ಯಕ್ಷ ಚಲುವಯ್ಯ ಅಷ್ಟರಲ್ಲಿ ತೆಂಗಿನಕಾಯಿ ಹಿಡಿದು ಒಳಬಂದ. ಅವನ ಚಿಂತೆಯೇ ಬೇರೆ. ಅಂದು ಸೋಮವಾರ, ಹದಿಮೂರು, ಅಮಾವಾಸ್ಯೆ. ಶಹಾಬುದ್ದೀನನಿಗೆ ಬಿಡುವಿದ್ದದ್ದು ಅಂದೇ.

“ಮೊದಲ್ನೇ ಎಸ್ರು ನನ್ ಕಬ್ಬಿಂದು. ಅದ್ರ ಮೇಲೆ ಅಮಾಸೆ ತಾರೀಕು ಬೀಳ್ಬಾರ್ದು ಕಣ್ಲಾ ಶಾಬು. ಬುಧ್ವಾರ ಬಿದಿಗೆ, ಒಳ್ಳೇ ದಿನ. ಅದ್ನೇ ಮಾಡ್ಬುಡು.”

“ಅದಕ್ಕೇನು ಗೌಡ್ರೆ, ಡೇಟ್ ಅಂತ ಹೊಡೆದು ಹದಿನೈದು ಅಂದ್ರೆ ಹದಿನೈದು. ಇದಕ್ಕೇನ್ ಪಂಚಾಂಗ ಗೊತ್ತಾ?”

ಕಾಯಿ ಒಡೆಯಿತು. ಚಲುವಯ್ಯನ ಹೆಸರೊಂದನ್ನು ಸೇರಿಸಿ ಫೈಲು ಉಳಿಸಿದ್ದೇ ತಡ, ಕರೆಂಟು ಹೋಯಿತು. ಎಲ್ಲರೂ ಪುರಿ, ಬಾಳೆಹಣ್ಣು ತಿಂದು ಹೊರಟರು. ತಾರೀಖನ್ನು ಹಿಂದಕ್ಕೆ ತರಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಕರೆಂಟಿರಲಿ ಬಿಡಲಿ, ಒಳಗಿನ ಸಣ್ಣ ಬ್ಯಾಟರಿ ದಿನ ಎಣಿಸುತ್ತಲೇ ಇತ್ತು.

ಕಟಾವಿಗೆ ಬಂದ ಕಬ್ಬನ್ನು ರೈತರು ಸಂಘದಲ್ಲಿ ಬರೆಸಬೇಕು. ಬರೆಸಿದ ತಾರೀಖನ್ನು ಈಗ ಮಿಷನ್ನೇ ಒತ್ತುತ್ತದೆ. ಅದೇ ಸರದಿಯಲ್ಲಿ ಕಡಿಯುವ ಪರ್ಮಿಟ್ಟು. ಹದಿನೈದು ದಿನ ಹಿಂದೆ ಬಿದ್ದರೆ ಗದ್ದೆಯಲ್ಲೇ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ.

ಮಂಗಳವಾರ ಮೂವತ್ತನಾಲ್ಕು ಜನ ಬಂದರು. ಬಾಗಿಲು ತೆಗೆಯುವ ಮೊದಲೇ ಬಂದು ನಿಂತವನು ದಾಸಯ್ಯ. ಬುಧವಾರ ಬೆಳಿಗ್ಗೆ ಪುಟ್ಟಗೌರಮ್ಮ ಸುಮ್ಮನೆ ಡೇಟ್ ಕೇಳಿದಳು. ಮಿಷನ್ನು ಶುಕ್ರವಾರ ಎಂದಿತು. ಗೋಡೆಯ ಕ್ಯಾಲೆಂಡರು ಬುಧವಾರ ಎಂದಿತು. ಅವಳು ಕ್ಯಾಲೆಂಡರನ್ನು ನಂಬಿ ಹದಿನೈದು ಎಂದು ತಿದ್ದಿದಳು. ತಿದ್ದಿದ್ದನ್ನು ಯಾರಿಗೂ ಹೇಳಲಿಲ್ಲ. ಅಂದು ಇಪ್ಪತ್ತು ಜನ ಬಂದರು, ಮೊದಲನೆಯವನು ಅವಳ ಸ್ವಂತ ತಮ್ಮ ತಮ್ಮಯ್ಯ.

ಶನಿವಾರ ಪಟ್ಟಿ ಗೋಡೆಗೆ ಏರಿತು. ಒಂದನೆಯದು ಚಲುವಯ್ಯ, ಎರಡನೆಯದು ತಮ್ಮಯ್ಯ. ದಾಸಯ್ಯ ಇಪ್ಪತ್ತೆರಡನೆಯವನು.

“ಏನವ್ವಾ!” ದಾಸಯ್ಯ ಪಟ್ಟಿಯನ್ನೇ ಕಿತ್ತುಕೊಂಡು ಒಳನುಗ್ಗಿದ. ಹಿಂದೆ ಹತ್ತು ಜನ. “ಮಂಗ್ಳಾರ ಕೋಳಿ ಕೂಗೋವಾಗ್ಲೇ ಬಂದ್ ನಿಂತೋನು ನಾನು. ಬುಧ್ವಾರ ಬಂದ ನಿನ್ ತಮ್ಮ ನನ್ಗಿಂತ ಮುಂದೆ ಎಂಗೋದ? ಮಿಷನ್ಗೂ ನೆಂಟಸ್ತನ ಕಲ್ಸ್ಬುಟ್ಟಾ?”

ಗಲಾಟೆ ಕೇಳಿ ಬಂದ ಚಲುವಯ್ಯ ಹಿಂದುಮುಂದು ನೋಡಲಿಲ್ಲ. “ಸೋಮ್ವಾರದಿಂದ ನೀನು ಟೈಪ್ ಮಿಷನ್ಗೇ ಓಗವ್ವ. ಇದ್ನ ಬೇರೆಯೋರು ನೋಡ್ಕತರೆ.”

ಸಂಬಳವೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಹದಿನೆಂಟು ವರ್ಷದಲ್ಲಿ ಕೇಳಿದ್ದಕ್ಕೆ ಗೊಣಗದೆ ಉತ್ತರ ಕೊಟ್ಟದ್ದು ಆ ಕಚೇರಿಯಲ್ಲಿ ಈ ಕಂಪ್ಯೂಟರೊಂದೇ. ಜೊತೆಗೆ ಕಳ್ಳಿ ಎನಿಸಿಕೊಂಡು ಏಳುವುದು ಬೇರೆ. ಪುಟ್ಟಗೌರಮ್ಮ ಕುರ್ಚಿ ಬಿಡಲಿಲ್ಲ. ಪ್ರತಿ ದಿನದ ಹೆಸರುಗಳನ್ನೂ ಅವಳು ದಿನ ಒಂದು, ದಿನ ಎರಡು, ದಿನ ಮೂರು ಎಂದು ಬೇರೆಬೇರೆ ಫೈಲಿನಲ್ಲಿ ಇಟ್ಟಿದ್ದಳು. ಡಿ-ಐ-ಆರ್ ಹೊಡೆದಳು.

“ದಾಸಣ್ಣ, ನೀನೇ ಓದು. ತಾರೀಕು ಗಟ್ಟಿಯಾಗಿ ಓದು.”

ದಾಸಯ್ಯ ಪರದೆಗೆ ಮೂಗು ತಾಗಿಸಿದ. “ಒಂದ್ನೇ ದಿನ ಅದಿನೈದು. ಎರಡ್ನೇ ದಿನ ಅದಿನಾರು. ಮೂರ್ನೇ ದಿನ... ತಿರ್ಗಾ ಅದಿನೈದು! ಇದೇನವ್ವ, ಇಂದಕ್ಕೆ ನಡೀತದಾ?”

“ಮೊದಲ್ನೇ ದಿನ ಯಾವ ವಾರ?”

“ಸೋಮ್ವಾರ, ಅಮಾಸೆ. ಏರು ಕಟ್ಟಿ ಉಳಂಗಿರ್ಲಿಲ್ಲ, ಅದ್ಕೇ ನಾನೂ ಬಂದು ಪುರಿ ತಿಂದೋದೆ.”

“ಅದು ಹದಿಮೂರು. ಇಲ್ಲಿ ಹದಿನೈದು ಯಾಕದೆ ಅಂತ ಅಧ್ಯಕ್ಷರ್ನ ಕೇಳು.”

ಎಲ್ಲರೂ ತಿರುಗಿದರು. ಚಲುವಯ್ಯ ಫ್ಯಾನು ನೋಡಿದ. “ಅದೂ... ಒಳ್ಳೇ ದಿನ ಬೀಳ್ಲಿ ಅಂತ ನಾನೇ ಮುಂದಕ್ಕೆ ಆಕ್ಸಿದ್ದೆ.”

“ಬುಧ್ವಾರ ನಾನು ಸರಿ ಮಾಡ್ದೆ. ಯಾರ್ಗೂ ಹೇಳ್ಲಿಲ್ಲ, ಅದು ನನ್ ತಪ್ಪು,” ಎಂದಳು ಪುಟ್ಟಗೌರಮ್ಮ. “ಈಗ ಪಟ್ಟಿ ಮತ್ತೆ ತೆಗೀತೀನಿ. ಮಂಗ್ಳಾರದೋರ್ಗೆಲ್ಲ ಹದಿನಾಲ್ಕು. ಅಧ್ಯಕ್ಷರೇ, ನಿಮ್ಗೆ ಎಷ್ಟು ಹಾಕ್ಲಿ? ಹದಿನೈದೇ ಇರ್ಲಿ ಅಂದ್ರೆ ಒಳ್ಳೇ ದಿನ, ಆದ್ರೆ ಮಂಗ್ಳಾರದ ಮೂವತ್ನಾಲ್ಕು ಜನ ಕಡ್ದಾದ್ಮೇಲೆ ನಿಮ್ಮ ಸರದಿ. ಹದಿಮೂರು ಅಂದ್ರೆ ಮೊದಲ್ನೇ ಎಸ್ರು, ಅಮಾಸೆ ಸಮೇತ.”

“ಬಿರ್‍ರನೆ ಏಳ್ಬುಡಿ ಗೌಡ್ರೆ,” ಎಂದ ದಾಸಯ್ಯ, ಕೋಪವೆಲ್ಲ ಮರೆತು. “ಬಿದಿಗೆ ಬೇಕೋ, ಮೊದಲ್ನೇ ಸರದಿ ಬೇಕೋ?”

ಚಲುವಯ್ಯ ಟವೆಲ್ಲು ಕೊಡವಿದ, ಮತ್ತೆ ಹೆಗಲಿಗೆ ಹಾಕಿದ, ಮತ್ತೆ ಕೊಡವಿದ. “ಅಮಾಸೇಲಿ ಕೆಟ್ಟದ್ದೇನೈತೆ? ನಮ್ಮಜ್ಜಿ ಉಟ್ಟಿದ್ದೇ ಅಮಾಸೇಲಿ, ತೊಂಬತ್ತು ವರ್ಸ ಬದ್ಕಿದ್ಲು. ಅದಿಮೂರೇ ಆಕವ್ವ.”

ಹೊಸ ಪಟ್ಟಿಯಲ್ಲಿ ದಾಸಯ್ಯ ಎರಡನೆಯವನಾದ. ಮೂವತ್ತಾರಕ್ಕೆ ಇಳಿದ ತಮ್ಮಯ್ಯ ಯುಗಾದಿಯವರೆಗೆ ಅಕ್ಕನ ಮನೆ ಕಡೆ ತಲೆಹಾಕಲಿಲ್ಲ. ಯುಗಾದಿಗೆ ಬಂದು ಒಂಬತ್ತು ಒಬ್ಬಟ್ಟು ತಿಂದು ಲೆಕ್ಕ ಸರಿಮಾಡಿಕೊಂಡ.

ಟೈಪ್ ಮಿಷನ್ನಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮುಂದೆ ಎಷ್ಟೋ ವರ್ಷ ಪುಟ್ಟಗೌರಮ್ಮ ಬೆಳಿಗ್ಗೆ ಬಂದೊಡನೆ ಡೇಟ್ ಕೇಳಿ, ಕ್ಯಾಲೆಂಡರಿಗೆ ತಾಳೆ ನೋಡಿ, ಪಕ್ಕದ ಕೋಣೆಗೆ ಕೇಳುವಂತೆ ಕೂಗುತ್ತಿದ್ದಳು: “ಇವತ್ತು ಇಪ್ಪತ್ತು, ಸೋಮವಾರ! ಯಾರಾದ್ರೂ ಬದಲಾಯಿಸ್ಬೇಕಾ?”

ಅಧ್ಯಕ್ಷರ ಕೋಣೆಯಿಂದ ಕೆಮ್ಮು ಮಾತ್ರ ಕೇಳುತ್ತಿತ್ತು.