ಕಣ್ಣಾಡಿ ನಟರಾಜ ಮತ್ತು ಕೋವಿಯ ದುರ್ಬೀನು

ಜೀರಹಳ್ಳಿ ಕಡೆಯ ಕಾಡಂಚಿನ ತೋಟದ ಮನೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಗಲಿಯ ಮೇಲೆ ಪುಟ್ಟನಂಜಮ್ಮ ಮೊರ ಹಿಡಿದು ಕೂತಿದ್ದಾರೆ. ಮೊರದಲ್ಲಿ ಎರಡು ಹಿಡಿ ಅಕ್ಕಿ, ಅದರೊಳಗೆ ಬೇಕೆಂದೇ ಬೆರೆಸಿದ ಕಲ್ಲಿನ ಚೂರುಗಳು. ಅಜ್ಜಿಯ ಮೂಗಿನ ಮೇಲೆ ಗುಂಡನೆಯ ಕಬ್ಬಿಣದ ಚೌಕಟ್ಟೊಂದು ಕೂತಿದೆ. ಎದುರಿಗೆ ಕುಕ್ಕರಗಾಲಲ್ಲಿ ಕೂತ ನಟರಾಜ್ ಅದರಿಂದ ಒಂದು ಗಾಜು ತೆಗೆದು ಇನ್ನೊಂದನ್ನು ಇಳಿಬಿಡುತ್ತಾರೆ. ಅಜ್ಜಿಯ ಬೆರಳು ಒಂದು ಗಳಿಗೆ ಅಕ್ಕಿಯ ಮೇಲೆ ತಡೆಯುತ್ತದೆ. ಆಮೇಲೆ ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಕಲ್ಲು ಹೆಕ್ಕಿ ಹೊರಗೆ ಎಸೆಯುತ್ತದೆ.

"ಅನ್ನದಲ್ಲಿ ಕಲ್ಲು, ಅನ್ನದಲ್ಲಿ ಕಲ್ಲು ಅಂತ ಮನೆಯೋರೆಲ್ಲ ಬಾಯಿಗೆ ಬಂದಂಗೆ ಅಂದ್ರು ಕಣಪ್ಪ. ನಂಗೆ ಕಂಡಿದ್ರಲ್ವಾ ತೆಗ್ಯಾದು?" ಎನ್ನುತ್ತಾರೆ ಪುಟ್ಟನಂಜಮ್ಮ. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

ತಮಿಳುನಾಡಿಗೆ ಸೇರಿದರೂ ಕನ್ನಡ ಮಾತಾಡುವ ಈ ತಾಳವಾಡಿ ಸೀಮೆಯಲ್ಲಿ ಕನ್ನಡಕಕ್ಕೆ ತಮಿಳಿನ 'ಕಣ್ಣಾಡಿ' ಎಂಬ ಹೆಸರೇ ರೂಢಿ. ಐವತ್ತು ದಾಟಿದ ಈ ಮನುಷ್ಯನನ್ನು ಎಲ್ಲರೂ ಕಣ್ಣಾಡಿ ನಟರಾಜ ಎಂದೇ ಕರೆಯುತ್ತಾರೆ. ಹಳೆಯ ಟಿವಿಎಸ್ ಗಾಡಿಯ ಹಿಂದೆ ಒಂದು ಮರದ ಪೆಟ್ಟಿಗೆ, ಅದರಲ್ಲಿ ಸಾಲಾಗಿ ಜೋಡಿಸಿದ ಗಾಜುಗಳು. ಹೊತ್ತೇರಿದರೆ ಜನ ಹೊಲಕ್ಕೆ ಹೋಗಿಬಿಡುತ್ತಾರೆ, ಆದ್ದರಿಂದ ಮಬ್ಬುಗತ್ತಲಲ್ಲೇ ಹೊರಡಬೇಕು. ದಾರಿಯಲ್ಲಿ ಆನೆ ನಿಂತಿದ್ದರೆ ಅದು ಸರಿಯುವ ತನಕ ಕಾಯಬೇಕು. ದಿನಕ್ಕೆ ಎರಡೋ ಮೂರೋ ಹಳ್ಳಿ, ಅದೃಷ್ಟವಿದ್ದರೆ ನಾಲ್ಕೈದು ಜನ. ಇವತ್ತು ಅವರ ಗಾಡಿಯ ಹಿಂದೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, ಅವರ ಬಗ್ಗೆ ಬರೆಯಲೆಂದು ನಾನೂ ಬಂದಿದ್ದೇನೆ. ಡಿಸೆಂಬರಿನ ಚಳಿಗೆ ನನ್ನ ಹಲ್ಲು ಕಟಕಟ ಎಂದರೆ ಅವರು ಗಾಳಿಗೆ ಎದೆಯೊಡ್ಡಿ ಮಾತಾಡುತ್ತಲೇ ಇದ್ದರು.

ಅವರ ತಂದೆ ತಾಳವಾಡಿಯಲ್ಲಿ ದರ್ಜಿ. ನಲವತ್ತು ದಾಟುತ್ತಿದ್ದ ಹಾಗೆ ಸೂಜಿಯ ಕಣ್ಣು ಕಾಣದಾಯಿತು. "ಕಣ್ಣೇ ಓಯ್ತು ಅಂತ ಮಿಷನ್ ಮಾರ್ಬುಟ್ರು ಸಾರ್. ಆಮ್ಯಾಕೆ ಕಂಡೋರ ಒಲದಲ್ಲಿ ಕಳೆ ಕಿತ್ಕಂಡೇ ಓಗ್ಬುಟ್ರು. ನಾನು ಸತ್ಯಮಂಗಲದಲ್ಲಿ ಕಣ್ಣಾಡಿ ಅಂಗಡಿ ಸೇರ್ದ ಮ್ಯಾಕೆ ಗೊತ್ತಾಯ್ತು, ಅವ್ರ ಕಣ್ಣಿಗೆ ಏನೂ ಆಗಿರ್ಲಿಲ್ಲ. ಒಂದು ಗಾಜು ಸಾಕಾಗಿತ್ತು."

ಅಂಗಡಿ ಬಿಟ್ಟು ಸ್ವಂತಕ್ಕೆ ಹೊರಟಾಗ ಅವರ ಬಳಿಯೂ ಕಣ್ಣು ಪರೀಕ್ಷೆಗೆ ತಮಿಳು ಅಕ್ಷರಗಳ ಹಲಗೆ ಇತ್ತು. ಇಲ್ಲಿ ತಮಿಳು ಮಾತಾಡಬಲ್ಲವರು ಬೇಕಾದಷ್ಟು ಜನ, ಓದಬಲ್ಲವರು ಕಡಿಮೆ. ವಯಸ್ಸಾದ ಎಷ್ಟೋ ಜನಕ್ಕೆ ಕನ್ನಡದ ಅಕ್ಷರವೂ ಬಾರದು. "ಓದಾಕೆ ಬರಾಕಿಲ್ಲ ಅನ್ನಾಕೆ ನಾಚ್ಕಂಡು, ಕಾಣಾಕಿಲ್ಲ ಅಂದ್ಬುಡೋರು. ನಾನು ನಂಬ್ಕಂಡು ದಪ್ಪ ಗಾಜು ಕೊಟ್ಬುಡ್ತಿದ್ದೆ. ತಲೆನೋವು ಬಂದು ಬಾವಿಗೆ ಎಸ್ದೋರೂ ಅವ್ರೆ." ಆಮೇಲೆ ಹಲಗೆ ಮೂಲೆ ಸೇರಿತು. ಈಗ ಯಾರಿಗೆ ಏನು ಕೆಲಸವೋ ಅದೇ ಪರೀಕ್ಷೆ. ಅಡುಗೆಯವರಿಗೆ ಅಕ್ಕಿ, ಹೊಲಿಯುವವರಿಗೆ ಸೂಜಿ, ದನ ಕಾಯುವವರಿಗೆ ಎದುರು ಗುಡ್ಡದ ಮೇಲಿನ ದನ. ಪೊರೆ ಬಂದ ಕಣ್ಣನ್ನು ಮಾತ್ರ ಅವರು ಮುಟ್ಟುವುದಿಲ್ಲ. "ನಾನು ಡಾಕ್ಟ್ರಲ್ಲ" ಎಂದು ಕಣ್ಣಿನ ಕ್ಯಾಂಪಿಗೆ ಕಳಿಸುತ್ತಾರೆ.

ಇವತ್ತು ಈ ಮನೆಗೆ ಬಂದಿರುವುದು ಅಜ್ಜಿಯ ಅಕ್ಕಿಗಾಗಿ ಅಲ್ಲ. ಅಜ್ಜಿಯ ಗಂಡ, ಮನೆಯ ಯಜಮಾನ ಕೆಂಪಯ್ಯ ಹೇಳಿ ಕಳಿಸಿದ್ದಾರೆ. ಅವರ ಹೆಸರಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಇರುವ ಒಂದು ಕೋವಿ ಇದೆ. ಕಾಡುಗಳ್ಳನ ಹುಡುಕಾಟದ ವರ್ಷಗಳಲ್ಲಿ ಪೊಲೀಸ್ ಠಾಣೆ ಸೇರಿದ್ದ ಅದು ಹೋದ ವರ್ಷ, 2006ರಲ್ಲಿ, ಮನೆಗೆ ಮರಳಿದೆ. ಈಗ ಅದನ್ನು ಹಿಡಿದು ತಿರುಗುವವನು ಮೊಮ್ಮಗ ಯೋಗೇಶ್. ಆ ಕೋವಿಗೆ ದುರ್ಬೀನು ಕೂರಿಸಬೇಕಂತೆ, ಗಾಜಿನ ವಿಷಯ ಬಲ್ಲ ನಟರಾಜ್ ಆರಿಸಿಕೊಡಬೇಕಂತೆ.

ಆದರೆ ಈ ಮನೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ ನಟರಾಜರಿಗೆ ಗೊತ್ತು. ಕಾಡೊಳಗಿನ ಸೋಲಿಗರ ಪೋಡಿನ, ಅಂದರೆ ಹಾಡಿಯ, ಜವರಮ್ಮ ದಿನಾ ಬೆಳಕು ಹರಿಯುವ ಹೊತ್ತಿಗೆ ಸೌದೆ ಹೊರೆ ಹೊತ್ತು ಇದೇ ಹೊಲದ ಅಂಚಿನಲ್ಲಿ ಹಾದು ಬರುತ್ತಾರೆ. ಹೋದ ವಾರ ಅವರು ಹುಣಸೆ ಮರದ ಬಳಿ ದಣಿವಾರಿಸಿಕೊಳ್ಳುತ್ತಿದ್ದಾಗ ಗುಂಡೊಂದು ಬಂದು ಅದೇ ಮರಕ್ಕೆ ಬಡಿಯಿತು. "ಕೆನ್ನೆಗೆ ತೊಗಟೆ ಸಿಡೀತು ಅಣ್ಣ. ಯಾರ್ಗೂ ಏಳ್ಬ್ಯಾಡ. ನಂಗೆ ಕೂಲಿ ಕೊಡೋದು ಅದೇ ಒಲ" ಎಂದು ನಟರಾಜರಿಂದ ಆಣೆ ಮಾಡಿಸಿಕೊಂಡಿದ್ದರು. ದಾರಿಯಲ್ಲಿ ಇದನ್ನು ಕೇಳಿ ನನಗೆ ಮೈ ಉರಿದುಹೋಯಿತು. ಠಾಣೆಗೆ ಹೋಗೋಣ ನಡೆಯಿರಿ ಎಂದೆ. "ಮೊದ್ಲು ಕಣ್ಣು ನೋಡಾವ ಸಾರ್" ಎಂದರು ನಟರಾಜ್. ಇದನ್ನು ಬರೆಯಲು ಜವರಮ್ಮ ಆಮೇಲೆ ಒಪ್ಪಿಗೆ ಕೊಟ್ಟಿದ್ದಾರೆ.

ಕೆಂಪಯ್ಯ ಟವೆಲ್ಲಿನ ಗಂಟು ಬಿಚ್ಚುತ್ತಾರೆ. ಒಳಗೆ ಎರಡು ಕರಿ ಕೊಳವೆಗಳು, ಒಂದು ಉದ್ದ, ಒಂದು ಗಿಡ್ಡ. ಕೊಯಮತ್ತೂರಿನ ಯಾರೋ ನೋಡಲು ಕೊಟ್ಟು ಕಳಿಸಿದ್ದು. "ಯಾವ್ದು ವಾಸಿ ಏಳ್ಬುಡು ನಟರಾಜ. ನಮ್ಮಪ್ಪನ ಕಾಲ್ದಿಂದ ಈ ಮನೇಲಿ ಗುರಿ ತಪ್ಪಿದ್ದಿಲ್ಲ. ಇವನ ಕೈಲಿ ತಪ್ತಾ ಅದೆ."

ಯೋಗೇಶನಿಗೆ ಇಪ್ಪತ್ತೆರಡು. ನಾಚಿಕೆಯ ಹುಡುಗ, ಮಾತಾಡುವಾಗ ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಕರಿಹಲಗೆ ಮೇಲಿನದು ತಲೆಗೆ ಹತ್ತುವುದಿಲ್ಲ ಎಂದು ಎಂಟನೇ ತರಗತಿಗೇ ಶಾಲೆ ಬಿಟ್ಟವನು. "ಓದ್ವಾರ ಕಡವೆ ಬಂದಿತ್ತು ಅಣ್ಣ, ಉಣ್ಸೆ ಮರದ್ ತಾವ. ಗುಂಡು ಮರಕ್ಕೆ ಓಯ್ತು. ದುರ್ಬೀನು ಇದ್ದಿದ್ರೆ ತಪ್ತಿರ್ಲಿಲ್ಲ."

ನಾನು ತಡೆಯಲಾರದೆ, ಕಡವೆ ಹೊಡೆಯುವುದು ಜೈಲಿಗೆ ಹೋಗುವ ಅಪರಾಧ ಎನ್ನುತ್ತೇನೆ. "ಅದು ನಮ್ಮ ರಾಗಿ ತಿನ್ನೋದು ಯಾವ ಅಪರಾಧ ಸ್ವಾಮಿ?" ಎಂದು ಕೆಂಪಯ್ಯ ನನ್ನ ಬಾಯಿ ಮುಚ್ಚಿಸುತ್ತಾರೆ.

ನಟರಾಜ್ ನಮ್ಮಿಬ್ಬರ ಮಾತಿಗೂ ಕಿವಿಗೊಡುವುದಿಲ್ಲ. ಎರಡೂ ಕೊಳವೆಗಳನ್ನು ಒರೆಸಿ, ಒಂದೊಂದಾಗಿ ಕಣ್ಣಿಗೆ ಹಿಡಿದು ಗುಡ್ಡದ ಕಡೆ ನೋಡುತ್ತಾರೆ. "ಉದ್ದದ್ರಲ್ಲಿ ಅಂಚು ಮಸ್ಕಾಯ್ತದೆ ಯಜಮಾನ್ರೆ. ಗಿಡ್ಡದ್ದೇ ವಾಸಿ." ನನಗೆ ಆಶ್ಚರ್ಯ, ಸಿಟ್ಟು ಎರಡೂ. ಕೊನೆಗೆ ಇವರೂ ವ್ಯಾಪಾರಿಯೇ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಅವರು ಕಬ್ಬಿಣದ ಚೌಕಟ್ಟನ್ನು ಕೈಗೆತ್ತಿಕೊಂಡಿದ್ದಾರೆ. "ಆದ್ರೆ ಕಣ್ಣು ನೋಡ್ದೆ ಗಾಜು ಕೊಟ್ಟು ನಂಗೆ ಅಭ್ಯಾಸ ಇಲ್ಲ. ಬಾಪ್ಪ ಯೋಗೇಶ. ಕೋವಿ ಒಳ್ಗೇ ಇರ್ಲಿ."

"ಇವನ ಕಣ್ಗೇನಾಗದೆ? ಬರೋ ತಿಂಗ್ಳು ಎಣ್ಣಿನ ಕಡೆಯೋರು ಬತ್ತಾವ್ರೆ. ಈ ವಯಸ್ಗೆ ಕಣ್ಣಾಡಿ ಆಕ್ಕಂಡು ಕುಂತ್ರೆ ಯಾರ್ಲಾ ಎಣ್ಣು ಕೊಡೋರು?" ಎಂದು ಕೆಂಪಯ್ಯ ನಗುತ್ತಾರೆ. ಯೋಗೇಶನೂ ಹಿಂದೆ ಸರಿಯುತ್ತಾನೆ. ನಟರಾಜ್ ಬಲವಂತ ಮಾಡುವುದಿಲ್ಲ. "ಗಾಜು ಆಮ್ಯಾಕಿರ್ಲಿ. ಉಣ್ಸೆ ಮರದ ತಾವ ಏನದೆ, ಅಷ್ಟೇ ಏಳು" ಎನ್ನುತ್ತಾರೆ.

ಈಗ ಬೆಳಕು ಚೆನ್ನಾಗಿ ಹರಿದಿದೆ. ಅಂಗಳದಿಂದ ಹೊಲ ಇಳಿಜಾರಾಗಿ ಹೋಗುತ್ತದೆ. ಆಚೆ ತುದಿಯಲ್ಲಿ ಹುಣಸೆ ಮರ, ಅದರ ಹಿಂದೆ ಕಾಡು. ಯೋಗೇಶ್ ಕಣ್ಣು ಕಿರಿದು ಮಾಡುತ್ತಾನೆ. ಅವನ ಮೈ ಸೆಟೆಯುತ್ತದೆ, ದನಿ ಪಿಸುಮಾತಿಗೆ ಇಳಿಯುತ್ತದೆ. "ಕಡವೆ ಕಣಣ್ಣ. ಗಂಡು. ಕೊಂಬು ನೋಡು, ಎಷ್ಟಗಲ ಅವೆ!"

ನನಗೆ ಕಾಣುವುದು ಕಂದು ಸೀರೆಯ ಒಬ್ಬ ಹೆಂಗಸು. ಅವರ ತಲೆಯ ಮೇಲಿನ ಹೊರೆಯಿಂದ ಒಣಗಿದ ಕೊಂಬೆಗಳು ಎರಡೂ ಕಡೆ ಚಾಚಿಕೊಂಡಿವೆ. ಕೆಂಪಯ್ಯನವರ ನಗು ನಿಂತಿದೆ. ಅವರಿಗೂ ಕಾಣುತ್ತಿದೆ.

ನಟರಾಜ್ ಯೋಗೇಶನ ಮುಖಕ್ಕೆ ಚೌಕಟ್ಟು ಏರಿಸುತ್ತಾರೆ. ಒಂದು ಗಾಜು ಹಾಕಿ ತೆಗೆಯುತ್ತಾರೆ, ಇನ್ನೊಂದು ಹಾಕುತ್ತಾರೆ. ಮೂರನೆಯದಕ್ಕೆ ಯೋಗೇಶನ ಬಾಯಿ ತೆರೆದುಕೊಳ್ಳುತ್ತದೆ.

"ಸೌದೆ" ಎನ್ನುತ್ತಾನೆ. "ಸೌದೆ ಒರೆ ಅದು." ಆಮೇಲೆ, "ಜವರಮ್ಮ."

ಅದೇ ಹೊತ್ತಿಗೆ ಕೆಳಗಿನಿಂದ ಕೂಗು ಕೇಳುತ್ತದೆ. ತೆಳ್ಳನೆಯ, ಎಳೆದ ದನಿ. "ನಾನು ಕಣಪ್ಪೋ... ನಾನು, ಜವರಮ್ಮಾ..."

"ಯಾಕಜ್ಜಿ ಅಂಗೆ ಕೂಗ್ತಾವ್ಳೆ?" ಯೋಗೇಶ್ ಕೇಳುತ್ತಾನೆ.

"ಓದ್ವಾರದಿಂದ ದಿನಾ ಇಂಗೇ ಕೂಗ್ಕಂಡು ಬತ್ತಾಳೆ ಕಣ್ಲಾ" ಎನ್ನುತ್ತಾರೆ ಪುಟ್ಟನಂಜಮ್ಮ. "ಏನೋ ಗಾಳಿ ಮೆಟ್ಕಂಡದೆ ಅಂತ ನಾನು ಸುಮ್ಕಿದ್ದೆ."

ಆಣೆ ಮಾಡಿದ ನಟರಾಜ್ ತಲೆ ತಗ್ಗಿಸಿ ಗಾಜಿನ ಪೆಟ್ಟಿಗೆಯನ್ನು ಸುಮ್ಮನೆ ಸರಿಮಾಡುತ್ತಿದ್ದಾರೆ. ಯೋಗೇಶ್ ಜಗಲಿಯ ಅಂಚಿಗೆ ಕುಸಿದು ಕೂರುತ್ತಾನೆ. ತನ್ನಷ್ಟಕ್ಕೆ ಹೇಳಿಕೊಂಡಂತೆ ಹೇಳುತ್ತಾನೆ. "ಅವತ್ತೂ ಇಂಗೇ ಕೊಂಬು ಕಂಡಿತ್ತು ಅಜ್ಜಿ."

ಆ ಮಾತು ಕೇಳಿದ ಮೇಲೆ ಅವನ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಕೆಂಪಯ್ಯ ಕೊಳವೆಗಳನ್ನು ಮತ್ತೆ ಟವೆಲ್ಲಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕುತ್ತಾರೆ. "ಇವು ವಾಪಸ್ ಓಗ್ಲಿ. ಕೋವಿ ನಾನೇ ಠಾಣೆಗೆ ಕೊಟ್ಬುಟ್ಟು ಬತ್ತೀನಿ." ಎಂಟು ದಶಕ ಕಂಡ ಜೀವ, ಗೋಡೆ ಹಿಡಿದುಕೊಂಡು ಒಳಗೆ ಹೋಗುತ್ತದೆ. ಬಾಗಿಲಲ್ಲಿ ತಿರುಗಿ ನಿಂತು, "ನಟರಾಜ, ಅವನಿಗೊಂದು ಕಣ್ಣಾಡಿ ಮಾಡ್ಕೊಡು. ಎಣ್ಣು ಕೊಡೋರು ಕೊಡ್ತಾರೆ, ಬುಟ್ರೆ ಬುಡ್ತಾರೆ" ಎನ್ನುತ್ತಾರೆ.

ಯೋಗೇಶ್ ಎದ್ದಿದ್ದಾನೆ. ಮುಖದ ಮೇಲೆ ಆ ಕಬ್ಬಿಣದ ಚೌಕಟ್ಟು ಇಟ್ಟುಕೊಂಡೇ ಹೊಲಕ್ಕೆ ಇಳಿಯುತ್ತಾನೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ರಾಗಿಯ ಕೂಳೆ ನೋಡುತ್ತಾನೆ, ಗುಡ್ಡ ನೋಡುತ್ತಾನೆ, ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ.

ನಟರಾಜರ ಬಳಿ ಇರುವುದು ಅದೊಂದೇ ಚೌಕಟ್ಟು. ಅದಿಲ್ಲದೆ ಮುಂದಿನ ಹಳ್ಳಿಗೆ ಹೋಗುವ ಹಾಗಿಲ್ಲ. ಅಲ್ಲಿ ಜನ ಕಾಯುತ್ತಿದ್ದಾರೆ, ಬಿಸಿಲು ಆಗಲೇ ಜಗಲಿಗೆ ಬಂದಿದೆ. ಕರೆಯಲೇ ಎಂದು ಕೇಳುತ್ತೇನೆ.

"ಬ್ಯಾಡಿ ಸಾರ್. ನಮ್ಮಪ್ಪ ಒಂದ್ಸಲ ಇಂಗೆ ನೋಡೋದ ನೋಡ್ಬೇಕು ಅಂತ ಬಾಳ ಆಸೆ ಇತ್ತು ನಂಗೆ. ಇವನಾದ್ರೂ ಒಂದ್ಗಳಿಗೆ ನೋಡ್ಲಿ."

ಹುಣಸೆ ಮರದ ಕಡೆಯಿಂದ ಮತ್ತೆ ಕೂಗು ಬರುತ್ತದೆ. "ನಾನು ಕಣಪ್ಪೋ... ಜವರಮ್ಮಾ..."

ಹೊಲದ ನಡುವೆ ನಿಂತ ಯೋಗೇಶ್ ಎರಡೂ ಕೈ ಮೇಲೆತ್ತುತ್ತಾನೆ. "ಕಾಣ್ತಾ ಇದ್ದೀಯ ಕಣವ್ವಾ, ಬಾ!"